ನಿದ್ದೆ ರಿಪೇರಿ

ದುರ್ಗೇಕರರ ಕಂಪ್ಯೂಟರಿಗೆ ನಿದ್ದೆ ಬರುವುದಿಲ್ಲ.
ಕೋಡಿಬಾಗದ ನನ್ನ ಅಂಗಡಿಗೆ ಆಟೋದಲ್ಲಿ
ಮಡಿಲ ಮೇಲೆ ಕೂರಿಸಿಕೊಂಡು ತಂದರು,
ಜ್ವರದ ಮಗುವಿನ ಹಾಗೆ ಟವೆಲು ಸುತ್ತಿ.

ಇದರ ಮೆಮರಿ ನೂರಿಪ್ಪತ್ತೆಂಟು ಜೀಬಿ, ಬಾಯಿ,
ಅಂದರು. ಸ್ವಲ್ಪ ಜಂಬ, ಸ್ವಲ್ಪ ಸಂಕೋಚ.
ಕಾಳಿ ಕಡಲು ಸೇರುವಲ್ಲಿ
ದೋಣಿಯಿಂದ ಸದ್ದು ಬಿಟ್ಟು ಅಳೆದ ಆಳಗಳು,
ಮೂರು ಮಳೆಗಾಲದಲ್ಲಿ ಮರಳು ಸರಿದ ಲೆಕ್ಕ
ಎಲ್ಲವನ್ನೂ ಒಟ್ಟಿಗೇ ಹರಡಿಕೊಂಡು ಕೂರುತ್ತದಂತೆ.
ಕರೆಂಟು ಹೋದರೆ ಹೈಬರ್ನೇಟ್ ಒತ್ತುತ್ತಾರೆ.
ಪರದೆ ಕಪ್ಪಾದರೆ, ಸದ್ಯ, ಮಲಗಿತು ಅನ್ನುತ್ತಾರೆ.
ಬೆಳಿಗ್ಗೆ ಎದ್ದ ಅದಕ್ಕೆ
ಕಾಳಿಯೂ ಗೊತ್ತಿಲ್ಲ, ದುರ್ಗೇಕರರೂ ಗೊತ್ತಿಲ್ಲ.

ಮೊದಲ ದಿನ ಎಲ್ಲರೂ ಮಾಡುವುದನ್ನೇ ಮಾಡಿದೆ.
ಬಿಚ್ಚಿದೆ, ಊದಿದೆ, ಮುಚ್ಚಿದೆ.
ಉಪ್ಪುಗಾಳಿಗೆ ಕಂದಿದ ಪಿನ್ನುಗಳನ್ನು
ಶಾಲೆ ಮಕ್ಕಳ ರಬ್ಬರಿನಲ್ಲಿ ಉಜ್ಜಿದೆ.
ನಾಲ್ಕು ಮೆಮರಿ ಪಟ್ಟಿ, ಒಂದೊಂದೇ ಕಿತ್ತು ನೋಡಿದೆ,
ನಾಲ್ಕೂ ಗಟ್ಟಿ.
ಒಂದನ್ನೇ ಹಾಕಿದರೆ
ಹಾಲು ಕುಡಿದ ಹಸುಳೆಯಂತೆ ಮಲಗಿ ನಗುತ್ತ ಏಳುತ್ತದೆ.
ನಾಲ್ಕೂ ಹಾಕಿದರೆ ಮತ್ತೆ ಮರೆವು.
ಇದು ಕೊರತೆಯ ರೋಗವಲ್ಲ, ದೊಡ್ಡಸ್ತಿಕೆಯದು.

ಸೋದರಮಾವ ಠಾಕು ಹರಿಕಂತ್ರ
ರಂಪಣಿಯ ಹಗ್ಗ ಎಳೆದ ಕೈಯವನು.
ಹಂಗಾಮು ಮುಗಿದ ಒಂದು ವರ್ಷ
ಊರುದ್ದದ ಬಲೆಯನ್ನು ಎಂಬತ್ತು ಹೆಗಲು ಹೊತ್ತು ತಂದರೆ
ಗುಡಾರದಲ್ಲಿ ಹಿಡಿಸಿದ್ದು ಅರ್ಧವಂತೆ.
ಉಳಿದದ್ದು ಜೂನ್ ಮಳೆಗೆ, ಇಲಿಗೆ, ಯಾರದೋ ಬೇಲಿಗೆ.
ಆಗಸ್ಟಿನಲ್ಲಿ ಅವನು ಒಂದೇ ಮಾತು ಹೇಳಿದ್ದ:
ಅರ್ಧ ಬಲೆ ಬಲೆಯಲ್ಲ ಮಗಾ.

ಡಿಸ್ಕು ತೆರೆದು ನೋಡಿದೆ.
ಮಲಗುವಾಗ ನೆನಪನ್ನೆಲ್ಲ ಬರೆದಿಡಬೇಕಾದಲ್ಲಿ
ಉಳಿದಿದ್ದು ಮೂವತ್ತೊಂದು ಜೀಬಿ.
ಯಂತ್ರ ಬರೆಯುತ್ತದೆ, ಬರೆಯುತ್ತದೆ, ಗೋಡೆಗೆ ತಾಗುತ್ತದೆ,
ಅರ್ಧ ಬರೆದದ್ದನ್ನು ನಂಬದೆ
ಪೂರ್ತಿ ಒರೆಸಿ ಹಾಕುತ್ತದೆ.
ಅದರ ಪ್ರಾಮಾಣಿಕತೆಗೆ ನಾವು ಬೈಯುತ್ತಿದ್ದೆವು.

ಹೊಸ ಡಿಸ್ಕು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂತು.
ಜಾಗ ಆಯಿತು. ಆದರೂ ನಿದ್ದೆ ಆಗಲಿಲ್ಲ.
ರಾತ್ರಿ ಎರಡೂ ಇಪ್ಪತ್ತಕ್ಕೆ ತಾನಾಗಿ ಎದ್ದು
ಖಾಲಿ ಅಂಗಡಿಗೆ ನೀಲಿ ಬೆಳಕು ಚೆಲ್ಲಿ ಕೂತಿತ್ತಂತೆ,
ಎದುರಿನ ಬೇಕರಿಯವನ ಸಾಕ್ಷಿ.
ಯಾರು ಎಬ್ಬಿಸಿದರು ನಿನ್ನ? ಕಮಾಂಡು ಹೊಡೆದು ಕೇಳಿದೆ.
ಮೌಸು, ಅಂತು.
ಬೈತಖೋಲದ ಮೀನು ಲಾರಿಗಳು
ಹೆದ್ದಾರಿಗೇರುವ ಹೊತ್ತು ಅದು.
ಮೇಜು ನಡುಗಿ, ಮೌಸು ಕೂದಲೆಳೆಯಷ್ಟು ಸರಿದು,
ಯಾರೋ ಕರೆದರೆಂದು ಇದು ಎದ್ದುಬಿಟ್ಟಿದೆ.
ಆ ಒಂದು ಅನುಮತಿ ಕಿತ್ತುಕೊಂಡೆ.

ಇನ್ನು ಯುಪಿಎಸ್ಸು.
ಅದರ ಉಸಿರು ಏಳು ನಿಮಿಷ,
ಹಳೇ ಡಿಸ್ಕಿಗೆ ಬೇಕಿದ್ದದ್ದು ಹನ್ನೊಂದು,
ಹೊಸದಕ್ಕೆ ಒಂದೂವರೆ.
ಗಡಿಯಾರ ಹಿಡಿದು ಐದು ಸಲ ನೋಡಿದೆ,
ಐದನೆಯ ಸಲ ಸುಮ್ಮನೆ, ಆಸೆಗೆ.

ಗುರುವಾರ ಸಂಜೆ ಪ್ಲಗ್ಗೇ ಕಿತ್ತು ಮನೆಗೆ ಹೋದೆ.
ಸೋಮವಾರ ದುರ್ಗೇಕರರ ಎದುರೇ ಗುಂಡಿ ಒತ್ತಿದೆ.
ಬಿಟ್ಟಲ್ಲೇ ಮಿನುಗಿತು ಕರ್ಸರು,
ನಾಲ್ಕು ಮೀಟರು ಎಪ್ಪತ್ತರ ಪಕ್ಕದಲ್ಲಿ.
ಅವರು ಮೂಗಿನ ತುದಿಗೆ ಕನ್ನಡಕ ಇಳಿಸಿ
ಬಹಳ ಹೊತ್ತು ನೋಡಿದರು.
ಇದು ಗುರುವಾರದ ಕಾಳಿ, ಅಂದರು.
ನಡುವೆ ಹುಣ್ಣಿಮೆಯ ಭರತ ಬಂದು ಹೋಯಿತಲ್ಲ.

ಬಿಲ್ಲಿನಲ್ಲಿ ಇನ್ನೂರು ಕಡಿಮೆ ಕೊಟ್ಟರು,
ಬದಲಿಗೆ ಒಂದು ಚೀಲ ಬೆಳಚು.
ಕಲ್ಲಿನಂತೆ ಮುಚ್ಚಿಕೊಂಡವನ್ನು
ಉಪ್ಪುನೀರಿನ ಪಾತ್ರೆಯಲ್ಲಿ ಹಾಕಿಟ್ಟೆ.
ದೀಪ ಆರಿಸಿದ ಮೇಲೆ
ಒಂದೊಂದೇ ತುಸು ತೆರೆದು
ತಳಕ್ಕೆ ಮರಳು ಬಿಟ್ಟವು, ಸಣ್ಣ ಮರಳು,
ದುರ್ಗೇಕರರ ಲೆಕ್ಕಕ್ಕೆ ಇನ್ನೂ ಸೇರದ್ದು.